ಗೋಡೆಯಾಚೆಯ ಕೂಸು

ಹೋದ ತಿಂಗಳ ಕೊನೆಯ ವಾರ ಒಂದು ಸಂಜೆ ಪೇಟೆಯಿಂದ ಸೊಪ್ಪು ಹಿಡಿದುಕೊಂಡು ಬಂದರೆ, ಕೊಳ್ಳೇಗಾಲದ ನಮ್ಮ ಮನೆಯ ಜಗಲಿಯ ಮೇಲೆ ಒಂದು ಸಿಹಿಗುಂಬಳಕಾಯಿ ಹಲ್ಲು ಕಿರಿದುಕೊಂಡು ಕೂತಿತ್ತು. ಮುಕ್ಕೋನದ ಎರಡು ಕಣ್ಣು, ಒಂದು ಮೂಗು, ಒಳಗೆ ಉರಿಯುವ ಮೇಣದಬತ್ತಿ. ಅದರ ಪಕ್ಕದಲ್ಲಿ ಮೊಮ್ಮಗಳು ಜೆನಿ ಬಿಳಿ ದುಪ್ಪಟಿ ಹೊದ್ದು ನಿಂತಿದ್ದಳು. ದುಪ್ಪಟಿ ನನ್ನದು. ಕಣ್ಣಿನ ಜಾಗದಲ್ಲಿ ಎರಡು ತೂತು ಬಿದ್ದಿದ್ದವು. ಅವಳ ಇಂಗ್ಲಿಷ್ ಶಾಲೆಯಲ್ಲಿ ಮೂವತ್ತೊಂದನೇ ತಾರೀಖು ಹ್ಯಾಲೋವೀನ್ ಅಂತೆ, ಮಕ್ಕಳೆಲ್ಲ ದೆವ್ವದ ವೇಷದಲ್ಲಿ ಬರಬೇಕಂತೆ. ಎದುರು ಮನೆಯ ಗೌರಮ್ಮ ರೇಷ್ಮೆ ಸೀರೆ ನೇಯುವವಳು, ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನೋಡಿದಳು. "ದೃಷ್ಟಿಗಾ ಟೀಚರ್? ಅದ್ಕೆ ಬೂದುಗುಂಬ್ಳ ಅಲ್ವಾ ಆಗ್ಬೇಕು? ಇದು ಪಲ್ಯಕ್ಕಾಯ್ತದೆ" ಅಂದಳು. ನನಗೂ ಹಾಗೇ ಅನ್ನಿಸಿತ್ತು.

ಆದರೆ ನಗು ಬರಲಿಲ್ಲ. ಬತ್ತಿಯ ಉರಿಗೆ ಕುಂಬಳಕಾಯಿಯ ಮುಚ್ಚಳ ಒಳಗಿನಿಂದ ಸೀಯುತ್ತಿತ್ತು. ಕರಗಿದ ಮೇಣದ ವಾಸನೆ, ಅದರೊಳಗೆ ಸೀದ ವಾಸನೆ. ಅದು ಮೂಗಿಗೆ ಹತ್ತಿದ್ದೇ ತಡ, ನನ್ನ ಬಲಗೈಯ ಕಿರುಬೆರಳು ತಣ್ಣಗಾಯಿತು. ಅದೊಂದೇ ಬೆರಳು. ನಗಬೇಡಿ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವಳು ನಾನು, ಬೆರಳು ತಣ್ಣಗಾಗುವುದಕ್ಕೆ ರಕ್ತಸಂಚಾರ ಕಾರಣ ಎಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಆದರೂ ಆ ಸಂಜೆ ಸೊಪ್ಪಿನ ಚೀಲ ಕೆಳಗಿಟ್ಟು, ಆ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಜಗಲಿಯ ಮೇಲೆ ಕೂತುಬಿಟ್ಟೆ.

ಕುಂಬಳಕಾಯಿಗಿಂತ ಮುಂಚೆಯೇ ಹ್ಯಾಲೋವೀನ್ ನನ್ನ ತಲೆಗೆ ಬಿದ್ದಿತ್ತು. ನಮ್ಮ ಊರು ಹನೂರಿನ ಆಚೆ. ನಾವು ನಾಲ್ಕೈದು ತಲೆಮಾರಿನಿಂದ ಕ್ರೈಸ್ತರು. ಕೊಳ್ಳೇಗಾಲದಲ್ಲಿ ಮಗಳ ಮನೆಯಲ್ಲಿದ್ದರೂ ಭಾನುವಾರ ಬಸ್ಸು ಹತ್ತಿ ಊರಿನ ದೇವಾಲಯಕ್ಕೇ, ನೀವು ಚರ್ಚು ಅನ್ನುತ್ತೀರಲ್ಲ ಅಲ್ಲಿಗೇ, ಪೂಜೆಗೆ ಹೋಗುತ್ತೇನೆ, ಪೂಜೆ ಮುಗಿದ ಮೇಲೆ ಮಕ್ಕಳಿಗೆ ಜ್ಞಾನೋಪದೇಶ, ಅಂದರೆ ಧರ್ಮದ ಪಾಠ, ಹೇಳಿಕೊಡುತ್ತೇನೆ. ಊರಿನ ಮಕ್ಕಳು ಕೆಲವರು ವ್ಯಾನಿನಲ್ಲಿ ಕೊಳ್ಳೇಗಾಲದ ಇಂಗ್ಲಿಷ್ ಶಾಲೆಗಳಿಗೆ ಬರುವವರು. ದೆವ್ವದ ವೇಷದ ಸುದ್ದಿ ತಿಳಿದು ವಾಟ್ಸಾಪ್ ಗುಂಪಿನಲ್ಲಿ ಗಲಾಟೆ ಎದ್ದಿತು. ಸೈತಾನನ ಹಬ್ಬ ಎಂದು ಒಬ್ಬರು, ಬರೀ ಚಾಕ್ಲೇಟ್ ಹಬ್ಬ ಎಂದು ಇನ್ನೊಬ್ಬರು. ನಮ್ಮ ಸ್ವಾಮಿಯವರು, ಅಂದರೆ ದೇವಾಲಯದ ಗುರುಗಳು, ಇನ್ನೂ ಮೂವತ್ತು ದಾಟದವರು. "ಟೀಚರ್, ಇದರ ಹುಟ್ಟು ಏನು, ನಾವು ಹೇಗೆ ನೋಡಬೇಕು ಅಂತ ಒಂದು ಪುಟ ಬರೆದುಕೊಡಿ, ಭಾನುವಾರ ಓದಿಬಿಡೋಣ" ಅಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಖಂಡಿಸುವ ಕೆಲಸ ಯಾರಿಗೆ ತಾನೇ ಇಷ್ಟವಿಲ್ಲ?

ಕನ್ನಡಕ ಒರೆಸಿಕೊಂಡು ಓದಲು ಕೂತೆ. ಕೆಲ್ಟರು ಎಂದು ಒಂದು ಜನ. ಕ್ರೈಸ್ತಧರ್ಮ ಕಾಲಿಡುವುದಕ್ಕೆ ಮುಂಚೆ ಐರ್ಲೆಂಡ್ ಕಡೆ ಇದ್ದವರು. ಬೆಳೆ ಮನೆಗೆ ಬಂದು ಚಳಿ ಶುರುವಾಗುವ ಹೊತ್ತಿಗೆ ದನಗಳನ್ನು ಗುಡ್ಡದಿಂದ ಕೊಟ್ಟಿಗೆಗೆ ಇಳಿಸಿ, ದೊಡ್ಡ ಬೆಂಕಿ ಹಾಕಿ, ಸೌವಿನ್ ಎಂಬ ಹಬ್ಬ ಮಾಡುತ್ತಿದ್ದರಂತೆ. ಆ ಸಂಜೆ ಇದ್ದವರಿಗೂ ಸತ್ತವರಿಗೂ ನಡುವಿನ ಬಾಗಿಲು ತೆರೆಯುತ್ತದೆ ಎಂದು ಅವರ ನಂಬಿಕೆ. ಮನೆಗೆ ಬರುವ ಸತ್ತವರಿಗೆ ಊಟ ಇಡುವುದು, ಬೇಡದವು ಬಂದರೆ ಗುರುತು ಹಿಡಿಯದಿರಲಿ ಎಂದು ಮುಖಕ್ಕೆ ಮುಸುಕು ಹಾಕುವುದು. ಇದರಲ್ಲಿ ಎಷ್ಟು ನಿಜ, ಎಷ್ಟು ಆಮೇಲಿನವರು ಸೇರಿಸಿದ್ದು ಎಂದು ಬಲ್ಲವರಲ್ಲೇ ಒಮ್ಮತವಿಲ್ಲ. ನಮ್ಮ ಧರ್ಮಸಭೆ ನವೆಂಬರ್ ಒಂದನ್ನು ಸಕಲ ಸಂತರಿಗೂ ಎರಡನ್ನು ತೀರಿಕೊಂಡವರ ಆತ್ಮಗಳಿಗೂ ಇಟ್ಟಿತು. ಸಂತರ ಹಬ್ಬದ ಹಿಂದಿನ ಸಂಜೆ ಎಂಬುದೇ ಇಂಗ್ಲಿಷರ ಬಾಯಲ್ಲಿ ಸವೆದು ಹ್ಯಾಲೋವೀನ್ ಆಯಿತು. "ಅಜ್ಞಾನದ ಕಾಲದ ಅನ್ಯ ಆಚರಣೆ" ಎಂದು ಮೊದಲ ಸಾಲು ಬರೆದೆ. ಎರಡನೇ ಸಾಲು ಬರಲಿಲ್ಲ. ಊಟ ಇಡುವುದು, ಬಾಗಿಲು ಹಾಕುವುದು, ಕಾಯುವುದು. ಐರ್ಲೆಂಡಿನವರೆಗೆ ನಾನು ಯಾಕೆ ಹೋಗಬೇಕಿತ್ತು? ಇದು ನಮ್ಮ ಆರೋಗ್ಯಮ್ಮತ್ತೆಯ ಮನೆಯಲ್ಲಿ, ಅದೇ ಸಂಜೆ, ಅದೇ ತಾರೀಖು, ನನ್ನ ಕಣ್ಣೆದುರಿಗೇ ನಡೆಯುತ್ತಿದ್ದದ್ದು.

ನಮ್ಮ ಕಡೆ ಎಡೆ ಇಡುವುದು ನಿಮಗೆ ಗೊತ್ತಿರಬಹುದು. ಮಹಾಲಯ ಅಮಾವಾಸ್ಯೆಯಲ್ಲಿ ತೀರಿಕೊಂಡವರ ಇಷ್ಟದ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಮನೆಯವರೆಲ್ಲ ಆಚೆ ಬಂದು ಬಾಗಿಲು ಎಳೆದುಕೊಳ್ಳುತ್ತಾರೆ. ಬಂದವರು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾರೆ. ಕೆಲವರು ನೆಲಕ್ಕೆ ಬೂದಿ ಉದುರಿಸಿ ಗುರುತು ಮೂಡಿತೇ ಎಂದು ನೋಡುತ್ತಾರೆ. ನಾವು ಶಿಲುಬೆ ಹಿಡಿದ ಮೇಲೆ ಇದನ್ನೆಲ್ಲ ಬಿಡಬೇಕಿತ್ತು. ಬಿಟ್ಟಿದ್ದೇವೆ ಎಂದು ಹೇಳಿಕೊಳ್ಳುತ್ತಿದ್ದೆವು ಕೂಡ. ನನ್ನ ಅಪ್ಪ ಊರಿನ ಉಪದೇಶಿ. ಸ್ವಾಮಿಯವರು ಇಲ್ಲದ ದಿನ ಜಪ ಹೇಳಿಸುವವನು, ಸಾಯುವವರ ತಲೆದೆಸೆಯಲ್ಲಿ ಪ್ರಾರ್ಥನೆ ಓದುವವನು. ಊರ ಹೆಂಗಸರನ್ನು ಕೂರಿಸಿಕೊಂಡು, "ಸತ್ತೋರ್ಗೆ ಬೇಕಾದ್ದು ಪ್ರಾರ್ಥನೆ ಕಣ್ರವ್ವ, ಪಲ್ಯ ಅಲ್ಲ" ಎನ್ನುತ್ತಿದ್ದ. ಹೆಂಗಸರು ತಲೆಯಾಡಿಸಿ, ಮನೆಗೆ ಹೋಗಿ, ಪಲ್ಯ ಮಾಡುತ್ತಿದ್ದರು.

ಆರೋಗ್ಯಮ್ಮತ್ತೆ ಅಪ್ಪನ ಒಡಹುಟ್ಟಿದ ತಂಗಿ, ನಮ್ಮ ಪಕ್ಕದ ಮನೆಗೇ ಮದುವೆಯಾಗಿ ಬಂದವಳು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ, ಸಂತರ ಹಬ್ಬದ ಹಿಂದಿನ ಸಂಜೆ, ಅವಳಿಗೆ ಚೊಚ್ಚಲ ಹೆರಿಗೆಯಾಯಿತು. ಗಂಡುಕೂಸು. ಅತ್ತು ಸುಮ್ಮನಾಯಿತು, ಮೈ ನೀಲಿಗಟ್ಟತೊಡಗಿತು. ಉಳಿಯುವುದಿಲ್ಲ ಎಂದು ಸೂಲಗಿತ್ತಿಗೂ ತಿಳಿಯಿತು, ಅತ್ತೆಗೂ ತಿಳಿಯಿತು. ಸಾಯುವ ಕೂಸಿಗೆ ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು, ಒಂದು ಚೊಂಬು ನೀರು, ಒಂದು ಸಾಲು ಮಾತು. ಆ ಮಾತು ಅತ್ತೆಗೆ ಬಾಯಿಪಾಠ. ಉಪದೇಶಿಯ ತಂಗಿಯಲ್ಲವೇ. ಆದರೆ ಉಪದೇಶಿಯ ತಂಗಿಯಾದ್ದರಿಂದಲೇ ಅವಳು ಕೈ ಎತ್ತಲಿಲ್ಲ. "ಅಣ್ಣ ಬರ್ಲಿ. ಅಣ್ಣ ಇರಂಗೆ ನಾನ್ಯಾಕೆ" ಅಂದಳಂತೆ. ಅಣ್ಣ ಆತ್ಮಗಳ ದಿನಕ್ಕೆ ಮೇಣದಬತ್ತಿ ತರಲು ಕೊಳ್ಳೇಗಾಲಕ್ಕೆ ಹೋಗಿದ್ದ. ಬಸ್ಸು ತಪ್ಪಿ, ಬತ್ತಿಯ ಕಟ್ಟು ಹೊತ್ತುಕೊಂಡು ಬಂದದ್ದು ಮಾರನೇ ಬೆಳಗ್ಗೆ. ಚೊಂಬಿನಲ್ಲಿ ನೀರು ತುಂಬಿಯೇ ಇತ್ತು.

ಜ್ಞಾನಸ್ನಾನವಿಲ್ಲದ ಕೂಸಿಗೆ ಹೆಸರಿಲ್ಲ. ಸಮಾಧಿ ತೋಟದೊಳಗೆ ಜಾಗವಿಲ್ಲ. ಅದು ಆಗಿನ ಕಟ್ಟಳೆ. ಅಪ್ಪನೇ ಗೋಡೆಯ ಆಚೆ, ಕಳ್ಳಿಬೇಲಿಯ ಪಕ್ಕ, ಒಂದು ಮೊಳ ಗುಂಡಿ ತೋಡಿ ಮುಚ್ಚಿ ಕಲ್ಲಿಟ್ಟ. ಆತ್ಮಗಳ ದಿನ ಎಲ್ಲರ ಗೋರಿಗೂ ಸುಣ್ಣ, ಹೂವು, ಬತ್ತಿ. ಸ್ವಾಮಿಯವರು ಮೃತರ ಹೆಸರುಗಳ ಪಟ್ಟಿ ಓದುವುದು. ಆ ಕಲ್ಲಿಗೆ ಏನೂ ಇಲ್ಲ. ಅಪ್ಪ ಮಾತ್ರ ಎಲ್ಲರೂ ಮನೆಗೆ ಹೋದ ಮೇಲೆ ಗೋಡೆ ಸುತ್ತಿ ಹೋಗಿ ಅಲ್ಲೊಂದು ಬತ್ತಿ ಹಚ್ಚಿ ಬರುತ್ತಿದ್ದ. ಒಮ್ಮೆ ನಾನು ನೋಡಿದೆ. ನೋಡಿದ್ದು ಅವನಿಗೆ ತಿಳಿಯಿತು.

ನನಗೆ ಎಂಟು ವರ್ಷವಾಗಿದ್ದಾಗ ಮೊದಲ ಸಲ ಅತ್ತೆ ನನ್ನನ್ನು ಆ ಸಂಜೆ ಜೊತೆಗೆ ಕೂರಿಸಿಕೊಂಡಳು. ಮಾವ ಕುಂತೂರಿನ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಯ ಮೇಲೆ ಹೋಗಿದ್ದ. ಅವಳ ಮನೆಯ ಹಿಂಭಾಗದಲ್ಲಿ ಬಾಣಂತಿ ಕೋಣೆ, ಕೂಸು ಹುಟ್ಟಿದ್ದೂ ಹೋದದ್ದೂ ಅಲ್ಲೇ. ಅತ್ತೆ ಒಲೆಯ ಬೂದಿಯನ್ನು ತೆಳುವಾದ ಹಳೆ ಬಟ್ಟೆಯಲ್ಲಿ ಸೋಸಿ ನೆಲದ ತುಂಬ ಉದುರಿಸಿದಳು. ನಡುವೆ ಒಂದು ತಟ್ಟೆ, ತಟ್ಟೆಯಲ್ಲಿ ಪುಟ್ಟ ಲೋಟದಷ್ಟು ಹಾಲು. ಬೇರೇನೂ ಇಲ್ಲ, ಅದು ಬೇರೇನೂ ಉಣ್ಣುವ ವಯಸ್ಸಿನದ್ದಲ್ಲ. ಗಾಳಿಗೆ ಆರದಿರಲಿ ಎಂದು ತೆಂಗಿನ ಚಿಪ್ಪಿನೊಳಗೆ ಬತ್ತಿಯ ತುಂಡು ಹಚ್ಚಿಟ್ಟಳು. ಅಪ್ಪನ ಬತ್ತಿಗಳಲ್ಲೇ ಒಂದು. ಚಿಪ್ಪಿನ ಅಂಚು ಸೀದು ಮೇಣದೊಂದಿಗೆ ಬೆರೆತ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು. ನಾವು ಆಚೆ ಕೂತು ಜಪಸರ ಹಿಡಿದು ನಮೋ ಮರಿಯೆ ಹೇಳಿದೆವು. ಎಡೆಯೂ ಜಪಸರವೂ ಒಟ್ಟಿಗೆ! ಅಪ್ಪನಿಗೆ ತಿಳಿದರೆ ಏನಾಗುತ್ತಿತ್ತೋ. ಕತ್ತಲು ಕವಿಯುವ ಮುಂಚೆ ಅತ್ತೆ ಕೆಮ್ಮಿ ಬಾಗಿಲು ತೆಗೆದಳು. ಬೂದಿ ಉದುರಿಸಿದ ಹಾಗೇ ಇತ್ತು, ಒಂದು ಗೆರೆ ಕೂಡ ಇರಲಿಲ್ಲ. "ಈ ವರ್ಸನೂ ಬರ್ಲಿಲ್ಲ ಕಣವ್ವ. ದಾರಿ ಗೊತ್ತಾಗಲ್ವೇನೋ" ಅಂದಳು. ಅವಳ ಮುಖ ನೋಡಿ, ಇನ್ನೊಂದು ಸಲ ಹೀಗಾಗಬಾರದು ಎಂದುಕೊಂಡೆ.

ಮುಂದಿನ ವರ್ಷ ನಾನು ಸಿದ್ಧಳಾಗಿಯೇ ಹೋಗಿದ್ದೆ. ಗೋಕುಲಾಷ್ಟಮಿಗೆ ನನ್ನ ಗೆಳತಿಯ ಮನೆಯಲ್ಲಿ ಕೃಷ್ಣನ ಹೆಜ್ಜೆ ಬರೆಯುವುದನ್ನು ಕಲಿತಿದ್ದೆ. ಮುಷ್ಟಿ ಕಟ್ಟಿ ಕಿರುಬೆರಳಿನ ಪಕ್ಕವನ್ನು ಒತ್ತಿದರೆ ಪಾದ, ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕಾಲ್ಬೆರಳು. ಬಾಣಂತಿಗೆ ಎರೆದ ನೀರು ಹೊರಗೆ ಹೋಗಲೆಂದು ಆ ಕೋಣೆಯ ಗೋಡೆಯ ಬುಡದಲ್ಲಿ ಒಂದು ಕಿಂಡಿ ಬಿಟ್ಟಿದ್ದರು. ಜಪದ ನಡುವೆ ಅತ್ತೆ "ಓಗು ಮಗಾ, ಕೋಳಿ ಕೂಡಾಕ್ಬುಟ್ಟು ಬಾ" ಅಂದಳು. ಕೋಳಿ ಕೂಡಿ, ಹಿಂದಕ್ಕೆ ಓಡಿ, ನೆಲದ ಮೇಲೆ ಬೋರಲು ಮಲಗಿ, ಕಿಂಡಿಯಲ್ಲಿ ಬಲಗೈ ತೂರಿಸಿದೆ. ಕೈಯೇ ಕಿಂಡಿ ಮುಚ್ಚಿ ಒಳಗೆ ಏನೂ ಕಾಣುತ್ತಿರಲಿಲ್ಲ. ಬೂದಿ ತಣ್ಣಗಿತ್ತು. ಅಂದಾಜಿನ ಮೇಲೆ ಮುಷ್ಟಿ ಒತ್ತಿ, ಚುಕ್ಕೆ ಇಟ್ಟು, ಮುಂದೆ ಇನ್ನೊಂದು ಒತ್ತಿ ಕೈ ಎಳೆದುಕೊಂಡೆ.

ಅತ್ತೆ ಬಾಗಿಲು ತೆಗೆದು ಬತ್ತಿ ಎತ್ತಿ ಹಿಡಿದಳು. ಹಾಲಿನ ತಟ್ಟೆಯ ಹತ್ತಿರ ಬಗ್ಗಿ ನೋಡಿ, ಕೈಯಿಂದ ನೆಲ ಸವರಿದಳು. ನಾನು ಹೊಸ್ತಿಲ ಈಚೆ ನಿಂತು, ಗೋಡೆಯ ಪಕ್ಕದ ನನ್ನ ಹೆಜ್ಜೆಗಳು ಚೆನ್ನಾಗಿ ಮೂಡಿವೆಯೇ ಎಂದು ಮಾತ್ರ ನೋಡಿಕೊಂಡೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು, "ಬಂದವ್ನೆ" ಅಂದಳು. ಅವತ್ತು ರಾಗಿಮುದ್ದೆಗೆ ಎರಡು ಮಿಳ್ಳೆ ತುಪ್ಪ ಹಾಕಿದಳು. ನನಗಾದ ಸಂತೋಷ ಹೇಳತೀರದು. ಒಳ್ಳೆಯ ಕೆಲಸ ಮಾಡಿದ ಕಳ್ಳಿಯ ಸಂತೋಷ ಅದು.

ಅದಾದ ಮೇಲೆ ಪ್ರತಿ ವರ್ಷ ಅದೇ ನಡೆಯಿತು. ಕೋಳಿ ಕೂಡುವ ನೆಪ, ಕಿಂಡಿ, ಬೂದಿ. ಅತ್ತೆಗೆ ಸ್ಟೆಲ್ಲಾ ಹುಟ್ಟಿದಳು, ನಡೆಯುವಂತಾದಳು, ಆದರೂ ಆ ಒಂದು ಸಂಜೆ ಹಾಲು ತಪ್ಪಲಿಲ್ಲ. ನಾನು ಲಂಗ ಬಿಟ್ಟು ದಾವಣಿ ಉಟ್ಟೆ. ನನ್ನ ಮುಷ್ಟಿ ದೊಡ್ಡದಾಯಿತು, ಹೆಜ್ಜೆಯೂ ದೊಡ್ಡದಾಯಿತು. ಅತ್ತೆ ಬತ್ತಿ ಹಿಡಿದು ನೋಡಿ, ನನ್ನ ಕಡೆ ತಿರುಗಿ, "ನೋಡವ್ವ, ಬೆಳ್ದವ್ನೆ" ಅನ್ನುವಳು. ಆ ಮಾತಿಗೆ ನನಗೆ ಮೊದಲಿನ ಸಂತೋಷ ಬರುವುದು ನಿಂತುಹೋಯಿತು. ಇಲ್ಲದ ಮಗನನ್ನು ನಾನೇ ಬೆಳೆಸುತ್ತಿದ್ದೇನೆ, ಇದು ಎಲ್ಲಿಗೆ ಮುಟ್ಟುತ್ತದೆ ಎಂದು ದಿಗಿಲಾಗುತ್ತಿತ್ತು. ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಹೇಳಿದರೆ ಕೂಸನ್ನು ಎರಡನೇ ಸಲ ಸಾಯಿಸಿದ ಹಾಗಲ್ಲವೇ ಎಂದು ಸುಮ್ಮನಾಗುತ್ತಿದ್ದೆ.

ಹದಿನೇಳನೇ ವರ್ಷದ್ದು ಹೇಳುತ್ತೇನೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ ಹೇಳಿರಲಿಲ್ಲ. ಅವತ್ತು ಕಿಂಡಿ ಬಿಗಿಯಾಗಿತ್ತು, ತೋಳು ತರಚಿಕೊಂಡು ಒಳಗೆ ಹೋಯಿತು. ಒಂದು ಹೆಜ್ಜೆ ಒತ್ತಿದೆ. ಚುಕ್ಕೆಗಳನ್ನಿಡಲು ಮುಷ್ಟಿ ಬಿಚ್ಚಿದೆ. ಆಗ ನನ್ನ ಕಿರುಬೆರಳನ್ನು ಏನೋ ಹಿಡಿದುಕೊಂಡಿತು. ಕಚ್ಚಲಿಲ್ಲ, ಎಳೆಯಲಿಲ್ಲ. ಹುಟ್ಟಿದ ಕೂಸಿನ ಅಂಗೈಗೆ ನಿಮ್ಮ ಬೆರಳಿಟ್ಟು ನೋಡಿದ್ದೀರಾ? ಹಾಗೆ, ಅಷ್ಟೇ ಬಲದಲ್ಲಿ, ಸುತ್ತ ಮುಚ್ಚಿಕೊಂಡಿತು. ತಣ್ಣಗಿತ್ತು. ಅತ್ತೆ ಆಚೆ ಜಗಲಿಯಲ್ಲಿ ಜಪ ಹೇಳುವುದು ಕೇಳಿಸುತ್ತಲೇ ಇತ್ತು. ನಾನು ಕಿರುಚಲಿಲ್ಲ. ಎಷ್ಟು ಹೊತ್ತು ಹಾಗೆ ಮಲಗಿದ್ದೆನೋ ತಿಳಿಯದು. ಅದು ತಾನಾಗಿ ಸಡಿಲಿಸಿತು, ಆಮೇಲೆ ಕೈ ತೆಗೆದೆ.

ಇಲಿಯಿರಬಹುದು, ಜೇಡರ ಬಲೆ ಸುತ್ತಿಕೊಂಡಿರಬಹುದು, ಬಿಗಿಯಾದ ಕಿಂಡಿಯಲ್ಲಿ ನರ ಹಿಡಿದಿರಬಹುದು. ಇಷ್ಟು ವರ್ಷಗಳಲ್ಲಿ ಈ ಮೂರನ್ನೂ ಸರದಿಯ ಮೇಲೆ ನಂಬಿದ್ದೇನೆ. ಮರುವರ್ಷ ಶಿಕ್ಷಕರ ತರಬೇತಿಗೆಂದು ಮೈಸೂರಿಗೆ ಹೋದೆ. ಆ ಸಂಜೆಗೆ ರಜೆ ಸಿಗುವುದಿಲ್ಲ ಎಂದು ಪತ್ರ ಬರೆದೆ. ರಜೆ ಇತ್ತು. ಆಮೇಲೆ ಯಳಂದೂರಿನ ಹತ್ತಿರ ಹೊನ್ನೂರಿನಲ್ಲಿ ಕೆಲಸ, ಮದುವೆ, ಮಗಳು. ಅಕ್ಟೋಬರ್ ಕೊನೆಗೆ ನನಗೆ ಯಾವಾಗಲೂ ಏನಾದರೂ ಕೆಲಸ ಬೀಳುತ್ತಿತ್ತು. ಅಪ್ಪ ಹೋದ, ಮಾವ ಹೋದ. ಈಗ ಭಾನುವಾರ ಊರಿಗೆ ಹೋದರೂ ಅತ್ತೆಯ ಮನೆಗೆ ಹಬ್ಬಹುಣ್ಣಿಮೆಗೆ ಮಾತ್ರ ಹೋಗುತ್ತಿದ್ದೆ, ಆ ಕೋಣೆಯ ಕಡೆ ತಿರುಗುತ್ತಿರಲಿಲ್ಲ.

ಈಗ ಒಂದು ಪುಟ ಬರೆಯಲಾರದೆ ಶನಿವಾರ ಬಸ್ಸು ಹತ್ತಿದೆ. ಅತ್ತೆಗೆ ಎಂಬತ್ತೈದು ದಾಟಿದೆ. ಮಗಳು ಸ್ಟೆಲ್ಲಾ, ಅಳಿಯ, ಮೊಮ್ಮಕ್ಕಳ ಜೊತೆ ಅದೇ ಮನೆಯಲ್ಲಿದ್ದಾಳೆ. ಮನೆ ಗುರುತು ಸಿಗದಂತೆ ಹೊಸದಾಗಿದೆ. ನನ್ನನ್ನು ಕಂಡವಳೇ ಪಕ್ಕಕ್ಕೆ ಕೂರಿಸಿಕೊಂಡು, ಸ್ಟೆಲ್ಲಾ ಒಳಗೆ ಹೋಗುವುದನ್ನೇ ಕಾದು, ಪಿಸುಗುಟ್ಟಿದಳು.

"ಬಂದುದ್ದು ಒಳ್ಳೇದಾಯ್ತು ಕಣವ್ವ. ನಂಗೀಗ ಬಗ್ಗಕಾಗಲ್ಲ. ಆ ರೂಮ್ಗೂ ಟೈಲ್ಸ್ ಆಕ್ಸುದ್ರು, ಬೂದಿ ಉದುರ್ಸುದ್ರೆ ಸ್ಟ್ಯಾಲ್ಲಾ ಬೈತಾಳೆ. ನಾನ್ ಓದ್ಮ್ಯಾಲೆ ಯಾರವ್ವ ಅವ್ನಿಗೆ ಬಾಗ್ಲ ತೆಗೆಯೋರು? ಆಚ್ಗೇ ನಿಂತಿರ್ತಾನಾ?"

ಜ್ಞಾನೋಪದೇಶದ ಟೀಚರಿಗೆ ಇದಕ್ಕೆ ಉತ್ತರ ಗೊತ್ತಿರಬೇಕು. ಗೊತ್ತೂ ಇತ್ತು. ಬಾಯಿಗೆ ಬಂದದ್ದು ಬೇರೆ. "ಅತ್ತೆ, ಬೂದಿ ಮ್ಯಾಲೆ ಹೆಜ್ಜೆ ಮೂಡ್ತಿತ್ತಲ್ಲ, ಅದು ನಾನು. ಕಿಂಡೀಲಿ ಕೈ ಬುಟ್ಟು ಮಾಡ್ತಿದ್ದಿ. ನಿನ್ಗೆ ಮೋಸ ಮಾಡ್ದೆ" ಅಂದುಬಿಟ್ಟೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಐವತ್ತು ವರ್ಷದ ಹಿಂದಿನ ತಪ್ಪಿಗೆ ಮುದುಕಿಯೊಬ್ಬಳು ಇನ್ನೊಬ್ಬ ಮುದುಕಿಯ ಮುಂದೆ ಅಳುವುದು ನೋಡಲು ಚೆನ್ನಾಗಿರುವುದಿಲ್ಲ.

ಅತ್ತೆ ಬೊಚ್ಚುಬಾಯಿ ತೆರೆದು ನಕ್ಕಳು. "ನಂಗ್ ಗೊತ್ತಿಲ್ವಾ? ಮೊದ್ಲ್ ವರ್ಸವೇ ಗೊತ್ತಿತ್ತು. ಮೊಣ್ಕೈಗಂಟ ಬೂದಿ ಮೆತ್ಕಂಡು ಬಂದು ನನ್ ಪಕ್ಕ ಕುಂತು ಜಪ ಏಳ್ತಿದ್ದೆ, ಕಳ್ಳಿ. ಅದ್ರ ಮ್ಯಾಲೆ ಎಲ್ಲಾ ಒಂದೇ ಕಾಲ್ದು. ನನ್ ಮಗ ಏನ್ ಕುಂಟ್ನಾ?"

"ಮತ್ತೆ ಬೆಳ್ದವ್ನೆ ಅಂತಿದ್ದೆ?"

"ನಿನ್ ಮೊಕ ನೋಡಿ ಅಂತಿದ್ದಿ. ಅಷ್ಟ್ ಕಷ್ಟಬಿದ್ದು ಮಾಡಿ ಬತ್ತಿದ್ದೆ, ಕುಸಿಯಾಗ್ಲಿ ಅಂತ."

ನನಗೆ ನಗು ಬಂತು. ಎದೆಯ ಮೇಲಿನ ಕಲ್ಲು ಇಳಿಯಿತು ಎಂದುಕೊಂಡೆ. ಅತ್ತೆ ನಗುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು.

"ಒಂದ್ ಮಾತು. ನೀನ್ ಮಾಡಕ್ ಮುಂಚೆ ಅವ್ನು ಬಂದಿರ್ಲಿಲ್ಲ ಕಣವ್ವ. ನೀನ್ ಮಾಡ್ದ ವರ್ಸದಿಂದ್ಲೇ ಬಂದುದ್ದು. ನಿನ್ನೆಜ್ಜೆ ಗ್ವಾಡೆ ಮಗ್ಗಲಲ್ಲಿರ್ತಿದ್ದೊ. ಅವನ್ವು ಆಲಿನ್ ತಟ್ಟೆ ಅತ್ರ. ನೀನು ನೋಡ್ತಿರ್ಲಿಲ್ಲ, ನಾನು ಬೇಗ ಒರ್ಸ್ಬುಡ್ತಿದ್ದಿ. ನಿನ್ವು ವರ್ಸ ವರ್ಸ ದೊಡ್ಡವಾಗ್ತಾ ಓದೊ. ಅವನ್ವು ಅಷ್ಟೇ ಇದ್ದೊ."

ಒಳಗೆ ಸ್ಟೆಲ್ಲಾ ಮಿಕ್ಸಿ ಹಾಕಿದಳು. ನಾನು ಬೆರಳಿನ ಸಂಗತಿ ಹೇಳಲಿಲ್ಲ. ಅತ್ತೆ ಹಿಡಿದಿದ್ದ ಕೈ ಅದೇ, ಹೇಳುವ ಅಗತ್ಯ ಕಾಣಲಿಲ್ಲ. ಆ ಮಿಕ್ಸಿಯ ಸದ್ದಿನಲ್ಲಿ ನನಗೊಂದು ತಿಳಿಯಿತು, ತಿಳಿದು ಭಯವಾಯಿತು. ನಾನು ಆಟಕ್ಕೆಂದು, ಕರುಣೆಗೆಂದು, ಸುಮ್ಮನೆ ಬೂದಿಯ ಮೇಲೆ ಬರೆದದ್ದನ್ನು ಯಾರೋ ಕರೆ ಎಂದುಕೊಂಡಿದ್ದರು. ಕರೆದು, ಹದಿನೇಳಕ್ಕೆ ಬಿಟ್ಟು ಓಡಿದವಳು ನಾನು. ಆಮೇಲಿನ ಸಂಜೆಗಳಲ್ಲಿ ಆ ಕಿಂಡಿಯ ಹತ್ತಿರ ಬಂದು ಕಾದಿತ್ತೋ ಏನೋ.

"ಅವ್ನಿಗೊಂದ್ ಹೆಸ್ರು ಇಟ್ಟಿದ್ಯಾ ಅತ್ತೆ?" ಎಂದು ಕೇಳಿದೆ. ಯಾರೂ ಅದುವರೆಗೆ ಕೇಳಿರಲಿಲ್ಲ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, "ಇನ್ನಾಸಿ" ಅಂದಳು. "ಒಟ್ಟೇಲಿದ್ದಾಗ್ಲೇ ಇಟ್ಟಿದ್ದಿ. ನೀರು ಬೀಳ್ನಿಲ್ವಲ್ಲ, ಕರೆಯಂಗಿರ್ಲಿಲ್ಲ."

ಅಲ್ಲಿಂದ ನೇರ ಗುರುಗಳ ಮನೆಗೆ ಹೋದೆ. ಸ್ವಾಮಿಯವರು ನಾನು ಕೊಟ್ಟ ಹಾಳೆ ನೋಡಿದರು. "ಒಂದೇ ಸಾಲಿದೆ ಟೀಚರ್. ಅದನ್ನೂ ಹೊಡೆದುಹಾಕಿದ್ದೀರಿ?" ಅಂದರು. ಬೆರಳೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅವರು ಮೃತರ ಹೆಸರುಗಳ ಪಟ್ಟಿ ತೆಗೆದು ನನ್ನ ಮುಂದಿಟ್ಟರು. "ಅಂಥ ಮಕ್ಕಳನ್ನು ನಾವು ದೇವರ ಕರುಣೆಗೆ ಒಪ್ಪಿಸುತ್ತೇವೆ. ಅವರಿಗಾಗಿ ಪ್ರಾರ್ಥಿಸಲು ಅಡ್ಡಿಯಿಲ್ಲ, ಹೆಸರು ಓದಲೂ ಅಡ್ಡಿಯಿಲ್ಲ. ಈ ವರ್ಷವೇ ಬರೆಯಿರಿ. ಹಿಂದೆಯೂ ಬರೆಯಬಹುದಿತ್ತಲ್ಲ, ಯಾರೂ ಕೇಳಲಿಲ್ಲವೇ?" ಎಂದರು. "ಇಲ್ಲ ಸ್ವಾಮಿ, ಹೆದರಿ ಕೇಳಲಿಲ್ಲ" ಅಂದೆ. ಬೇಡ ಎನ್ನುತ್ತಾರೆಂದು ಹೆದರಿ ಒಂದು ಇಡೀ ಮನೆತನ ಅರವತ್ತು ವರ್ಷ ಗೋಡೆ ಸುತ್ತಿ ಸುತ್ತಿ ಓಡಾಡಿತ್ತು. ಅಪ್ಪನನ್ನು ನೆನೆದು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಭಾನುವಾರ ಪುಟ ಓದುವ ಬದಲು ನಾನೇ ಎದ್ದು ನಾಲ್ಕು ಮಾತು ಹೇಳಿದೆ. ಕೆಲ್ಟರನ್ನು ಬೈಯಲಿಲ್ಲ. ಸತ್ತವರು ಬಂದರೆ ಹಸಿದಿರುತ್ತಾರೆ ಎಂದುಕೊಂಡವರು ಕೆಟ್ಟವರೇನಲ್ಲ, ಅವರಿಗೆ ಸತ್ತವರು ಎಲ್ಲಿದ್ದಾರೆಂದು ಹೇಳುವವರಿರಲಿಲ್ಲ ಅಷ್ಟೇ ಎಂದೆ. ವೇಷ ಹಾಕಿದರೆ ಹಾಕಲಿ, ಕಾಗದದ ಹಲ್ಲಿಗೆ ನನಗೆ ಭಯವಿಲ್ಲ. ತೀರಿಕೊಂಡವರನ್ನು ಕರೆಯುವ ಆಟ ಮಾತ್ರ ಬೇಡ, ಅವರು ದೇವರ ಕೈಯಲ್ಲಿರುವವರು, ನಮ್ಮ ಆಟಕ್ಕೆ ಎದ್ದು ಬರಬೇಕಾದವರಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗಲಿ ಬಿಡಿ.

ಮೂವತ್ತೊಂದರ ಸಂಜೆ ಅತ್ತೆಯ ಜೊತೆ ಆ ಕೋಣೆಯ ಮುಂದೆ ಕೂತೆ. ಬೂದಿಯಿಲ್ಲ, ಹಾಲಿಲ್ಲ. ಒಂದು ಬತ್ತಿ, ಜಪಸರ, ತೆರೆದ ಬಾಗಿಲು. ಬಾಗಿಲು ಹಾಕುವುದು ಬೇಡ ಎಂದವಳು ಅತ್ತೆಯೇ. ಹೊಳೆಯುವ ಟೈಲ್ಸಿನ ಮೇಲೆ ಹೆಜ್ಜೆ ಮೂಡಲು ಏನೂ ಇರಲಿಲ್ಲ. ಜಪಸರದ ಮೂರನೇ ಸುತ್ತಿನ ನಡುವೆ ಬತ್ತಿಯ ಉರಿ ಒಳಗಿನಿಂದ ಆಚೆಗೆ ವಾಲಿತು. ಗಾಳಿ ಇರಲಿಲ್ಲ. ಅತ್ತೆ ಜಪ ನಿಲ್ಲಿಸದೆ, ಯಾರಾದರೂ ದಾಟಿ ಹೋಗುವಾಗ ಮಾಡುತ್ತೇವಲ್ಲ, ಹಾಗೆ ಚಾಚಿದ್ದ ಕಾಲನ್ನು ಮಡಿಚಿಕೊಂಡಳು. ಆಮೇಲೆ ಮತ್ತೆ ಚಾಚಿದಳು. ನನ್ನ ಮೈ ರೋಮ ನಿಂತದ್ದನ್ನು ಸುಳ್ಳೆನ್ನಲಾರೆ, ಆದರೆ ಎದ್ದು ಓಡಲಿಲ್ಲ.

ಎರಡನೇ ತಾರೀಖು ಬೆಳಗ್ಗೆ ಸಮಾಧಿ ತೋಟದಲ್ಲಿ ಊರೆಲ್ಲ ಸೇರಿತ್ತು. ಜೆನಿಯನ್ನೂ ಕರೆದುಕೊಂಡು ಹೋಗಿದ್ದೆ. ಅತ್ತೆಗೆ ನಡುವಿನ ಶಿಲುಬೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಸ್ವಾಮಿಯವರು ಪಟ್ಟಿ ಓದುತ್ತಿದ್ದರು, ಪ್ರತಿ ಹೆಸರಿಗೂ ಜನ "ನಿತ್ಯ ವಿಶ್ರಾಂತಿ ದೊರೆಯಲಿ" ಎಂದು ಗುನುಗುತ್ತಿದ್ದರು. ನಮ್ಮ ಮನೆಯವರು ಬಂದರು, ಅಜ್ಜ, ಅಜ್ಜಿ, ಅಪ್ಪ, ಮಾವ. ಸ್ವಾಮಿಯವರು ಸ್ವಲ್ಪ ಜೋರಾಗಿ ಓದಿದರು.

"ಆರೋಗ್ಯಮ್ಮನವರ ಮಗ ಇನ್ನಾಸಿ."

ಆ ಹೆಸರು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಗುನುಗು ಏಳಲಿಲ್ಲ. ಆ ಮೌನದಲ್ಲಿ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಬಂದವ್ನೆ ಸಾಮಿ."

ಯಾರೂ ನಗಲಿಲ್ಲ. ಸ್ವಾಮಿಯವರು ಪಟ್ಟಿಯಿಂದ ತಲೆಯೆತ್ತಿ, ಅತ್ತೆಯ ಕುರ್ಚಿಯ ಪಕ್ಕದ ಖಾಲಿ ಜಾಗವನ್ನು ನೋಡಿ, ಅದಕ್ಕೂ ಸೇರಿಸಿ ಶಿಲುಬೆ ಗುರುತು ಹಾಕಿದರು. ಆಮೇಲೆ ಮುಂದಿನ ಮನೆಯವರ ಹೆಸರು ಓದಿದರು.